ಜಾಣ ಮಗುವಿಗೆ ಆಟಿಸಂ ಇದ್ದಾಗ ಮನೆಯವರು ಮಾಡಬೇಕಾದದ್ದು

ಲೆಕ್ಕದಲ್ಲಿ ಚುರುಕಾಗಿರುವ, ಮಾತೂ ಸರಾಗವಾಗಿ ಬರುವ ಹುಡುಗನಿಗೆ ಆಟಿಸಂ (ಇತರರೊಡನೆ ಬೆರೆಯುವ, ಸುತ್ತಲಿನದನ್ನು ಗ್ರಹಿಸುವ ರೀತಿ ಚಿಕ್ಕಂದಿನಿಂದಲೇ ಬೇರೆಯಾಗಿರುವ ಸ್ಥಿತಿ) ಇದೆ ಎಂದರೆ ನಮ್ಮ ಬಾಗಲಕೋಟೆ ಕಡೆಯ ಹಿರಿಯರು ಸುಲಭವಾಗಿ ನಂಬುವುದಿಲ್ಲ. ಹಟಮಾರಿ ಎನ್ನುತ್ತಾರೆ, ಇಲ್ಲವೇ ತಾಯಿಯ ಮುದ್ದಿನಿಂದ ಕೆಟ್ಟನೆನ್ನುತ್ತಾರೆ. ಇಂಥ ಮಕ್ಕಳನ್ನು 'ಹೈ ಫಂಕ್ಷನಿಂಗ್', ಅಂದರೆ ಹೆಚ್ಚಿನದನ್ನು ತಾವೇ ನಿಭಾಯಿಸಬಲ್ಲವರು, ಎಂದು ಕರೆಯುವ ರೂಢಿ ಇದೆಯಾದರೂ ಅದು ರೋಗನಿರ್ಣಯದ ಹೆಸರಲ್ಲ. ಇಂಥ ಮಕ್ಕಳಲ್ಲಿ ಹಿಂದೆ ಆಸ್ಪರ್ಜರ್ ಎಂದು ಬೇರೆಯಾಗಿ ಗುರುತಿಸುತ್ತಿದ್ದುದನ್ನೂ ಅಮೆರಿಕದ ಮನೋವೈದ್ಯರ ಸಂಘವು 2013ರ ತನ್ನ ಕೈಪಿಡಿಯಲ್ಲಿ ಆಟಿಸಂ ಸ್ಪೆಕ್ಟ್ರಂ ಎಂಬ, ಆಟಿಸಂನ ಎಲ್ಲ ಬಗೆಗಳ ಒಂದೇ ಗುಂಪಿನೊಳಗೆ ಸೇರಿಸಿತು. ಮಗು ಜಾಣನಾದ ಮಾತ್ರಕ್ಕೆ ಅದಕ್ಕೆ ನೆರವು ಬೇಡವೆಂದು ತಿಳಿಯುವುದೇ 'ಹೈ ಫಂಕ್ಷನಿಂಗ್' ಎಂಬ ಹೆಸರಿನಿಂದಾಗುವ ದೊಡ್ಡ ನಷ್ಟ.

ಮೊದಲು ತಿದ್ದಿಕೊಳ್ಳಬೇಕಾದದ್ದು ನಮ್ಮ ಮಾತನ್ನು. 'ಐದು ನಿಮಿಷದಾಗ ಬಂದೆ' ಎಂದು ಹೇಳಿ ಕಾಕಾ ಒಂದು ತಾಸಿನ ನಂತರ ಬಂದರೆ ನಮಗೆ ಅದು ಸಹಜ. ಗಡಿಯಾರ ನೋಡುತ್ತ ಕೂತ ಮಗುವಿಗೆ ಅದು ಸುಳ್ಳು. 'ತಲಿ ತಿನ್ನಬ್ಯಾಡ' ಎಂದರೆ, ತಾನು ಯಾರ ತಲೆಯನ್ನೂ ತಿಂದಿಲ್ಲವಲ್ಲ ಎಂದು ಅದು ನಿಜವಾಗಿಯೇ ಗೊಂದಲಕ್ಕೆ ಬೀಳಬಹುದು. ಆದ್ದರಿಂದ 'ಈಗ ನನಗೆ ಕೆಲಸವಿದೆ, ಆರು ಗಂಟೆಗೆ ಕೇಳು' ಎಂದು ನೇರವಾಗಿ ಹೇಳಿ, ಆರು ಗಂಟೆಗೆ ಆ ಮಾತನ್ನು ಉಳಿಸಿಕೊಳ್ಳಿ.

ಬಾದಾಮಿಯ ಬನಶಂಕರಿ ಜಾತ್ರೆಯಂಥ ಕಡೆ ಹೋಗುವುದಾದರೆ ಸಿದ್ಧತೆ ಒಂದು ವಾರ ಮೊದಲೇ ಆರಂಭವಾಗಲಿ. ಯಾವ ಬಸ್ಸು, ಎಷ್ಟು ಹೊತ್ತು, ಎಲ್ಲಿ ಊಟ, ಯಾವಾಗ ವಾಪಸ್ಸು ಎಂಬುದನ್ನು ಒಂದು ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಿ. ನಾಟಕ ಕಂಪನಿಗಳ ಧ್ವನಿವರ್ಧಕಗಳು, ಧೂಳು, ಮೈಗೆ ಮೈ ತಾಗುವ ಜನಸಂದಣಿ ಇವೆಲ್ಲ ಒಟ್ಟಿಗೆ ಎರಗಿದಾಗ ಮಗು ಕಿವಿ ಮುಚ್ಚಿಕೊಂಡು ಕಿರುಚಬಹುದು. ಆಟಿಕೆಗಾಗಿ ಹಿಡಿಯುವ ಹಟವಾದರೆ ಆಟಿಕೆ ಸಿಕ್ಕೊಡನೆ ನಿಲ್ಲುತ್ತದೆ. ಇದು ಹಾಗೆ ನಿಲ್ಲುವುದಿಲ್ಲ. ಆ ಹೊತ್ತಿನಲ್ಲಿ ಬುದ್ಧಿ ಹೇಳಬೇಡಿ, ಹೊಡೆಯಲೂ ಬೇಡಿ; ಮಾತು ಕಡಿಮೆ ಮಾಡಿ, ಮೊದಲೇ ಗುರುತು ಮಾಡಿಟ್ಟ ಶಾಂತ ಜಾಗಕ್ಕೆ ಕರೆದೊಯ್ಯಿರಿ. ಸುತ್ತ ನಿಂತು ಸಲಹೆ ಕೊಡುವವರಿಗೆ ಉತ್ತರ ಕೊಡುವ ಕೆಲಸ ಜೊತೆಗಿದ್ದ ಇನ್ನೊಬ್ಬರದಾಗಿರಲಿ.

ಹದಿಹರೆಯದಲ್ಲಿ ಸಮಸ್ಯೆ ಒಳಗೆ ಸೇರಿಕೊಳ್ಳುತ್ತದೆ. ಇಡೀ ದಿನ ಶಾಲೆಯಲ್ಲಿ ಬೇರೆಯವರನ್ನು ನೋಡಿ, ಅವರಂತೆ ನಕ್ಕು ನಟಿಸಿ ದಣಿದ ಹುಡುಗಿ ಮನೆಯ ಹೊಸ್ತಿಲು ದಾಟಿದೊಡನೆ ಚೀಲ ಎಸೆದು ಅಳುತ್ತಾಳೆ. ಶಿಕ್ಷಕರು 'ನಮ್ಮಲ್ಲಿ ಏನೂ ತೊಂದರೆ ಇಲ್ಲವಲ್ಲ' ಎನ್ನುವುದು ಇದೇ ಕಾರಣಕ್ಕೆ. ಶಾಲೆಯಿಂದ ಬಂದ ಮೇಲೆ ಅರ್ಧ ತಾಸು ಯಾವ ಪ್ರಶ್ನೆಯನ್ನೂ ಕೇಳದೆ ಬಿಡಿ. ನಿದ್ದೆ, ಊಟ ಕೆಟ್ಟು, ಸಾಯುವ ಮಾತು ಬಂದರೆ ಮಾತ್ರ ಕಾಯಬೇಡಿ. ಮನೋವೈದ್ಯರನ್ನು ಕಾಣಿರಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿರಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಪಟ್ಟಿ ಮಾಡಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಸೇರಿದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು, ಎರಡನೆಯ ಮತ್ತು ಮೂರನೆಯ ಭಾಷೆಗಳಿಂದ ವಿನಾಯಿತಿ ಇವುಗಳ ಪ್ರಸ್ತಾಪ ಅದರ 17ನೆಯ ಕಲಮಿನಲ್ಲಿಯೇ ಇದೆ. ಇದಕ್ಕೆ ಅಂಗವೈಕಲ್ಯದ ಪ್ರಮಾಣಪತ್ರ ಬೇಕಾಗುವುದರಿಂದ ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರ ಬಂದಾಗ ಓಡಾಡುವ ಬದಲು ಎಂಟನೆಯ ತರಗತಿಯಲ್ಲೇ ಜಿಲ್ಲಾ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿ, ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ ಹಾಕಿ, ಮುಖ್ಯಾಧ್ಯಾಪಕರಿಗೆ ಲಿಖಿತ ಮನವಿ ಕೊಡಿ. ಹಳ್ಳಿಯವರಿಗೆ ಗ್ರಾಮ ಪಂಚಾಯಿತಿಯ ಅಂಗವಿಕಲರ ಪುನರ್ವಸತಿ ಕಾರ್ಯಕರ್ತರು ಅರ್ಜಿ ತುಂಬಲು ನೆರವಾಗುತ್ತಾರೆ. ಕಾರ್ಡು ಮಾಡಿಸಿದರೆ ಮುಂದೆ ಮದುವೆಗೆ ತೊಡಕಾಗುತ್ತದೆ ಎಂಬ ಹೆದರಿಕೆಯನ್ನು ಮನೆಮನೆಯಲ್ಲೂ ಕೇಳಿದ್ದೇನೆ. ಆ ಹೆದರಿಕೆಗಾಗಿ ಮಗುವಿನ ಪರೀಕ್ಷೆಯನ್ನು ಬಲಿಕೊಡುವುದು ನನಗೆ ಸರಿಕಾಣುವುದಿಲ್ಲ.

ಇಷ್ಟೆಲ್ಲದರ ಭಾರ ಸಾಮಾನ್ಯವಾಗಿ ತಾಯಿಯೊಬ್ಬಳ ಮೇಲೆಯೇ ಬೀಳುತ್ತದೆ. ವಾರಕ್ಕೊಂದು ಮಧ್ಯಾಹ್ನ ತಂದೆಯೋ ಸೋದರಮಾವನೋ ಮಗುವಿನೊಡನೆ ಇರುವಂತೆ ಗೊತ್ತುಮಾಡಿ. 'ಅಣ್ಣನ್ನ ನೋಡಿಕೋ' ಎಂಬ ಮಾತನ್ನೇ ಕೇಳುತ್ತ ಬೆಳೆದ ತಂಗಿಯನ್ನು ಆ ಹೊತ್ತಿನಲ್ಲಿ ತಾಯಿ ತನ್ನೊಡನೆ ಪೇಟೆಗೆ ಕರೆದುಕೊಂಡು ಹೋಗಲಿ, ಅಲ್ಲಿ ಅಣ್ಣನ ವಿಷಯ ತೆಗೆಯದೆ ಅವಳದೇ ಮಾತು ಕೇಳಲಿ.