ಸಿಮ್ಯುಲೇಟರಿನ ಸೀಟು ವಾಲುವುದಿಲ್ಲ

2018ರ ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ರಸ್ತೆಗೆ ಜಾರಿಬಂದ ಗುಡ್ಡದ ಮಣ್ಣನ್ನು ತೆರವುಗೊಳಿಸಿದವರಲ್ಲಿ ನಾನೂ ಒಬ್ಬ. ಇಳಿಜಾರಿನಲ್ಲಿ ಯಂತ್ರವನ್ನು ಹೇಗೆ ನಿಲ್ಲಿಸಬೇಕೆಂದು ತಿಳಿಯದ ಆಪರೇಟರ್ ಎಷ್ಟು ಅಪಾಯಕಾರಿ ಎಂಬುದನ್ನು ಅಲ್ಲಿ ಕಂಡಿದ್ದರಿಂದ, ಮುಂದೆ ತರಬೇತುದಾರನಾದಾಗ, ಯಾವ ಕಂಪನಿಯದಾದರೂ ನಮ್ಮವರು ‘ಹಿಟಾಚಿ’ ಎಂದೇ ಕರೆಯುವ ಎಕ್ಸ್‌ಕವೇಟರನ್ನು ಹುಡುಗರಿಗೆ ಮೊದಲು ಸಿಮ್ಯುಲೇಟರಿನಲ್ಲಿ, ಅಂದರೆ ನಿಜವಾದ ಯಂತ್ರದ ಬದಲು ಸೀಟು, ಲಿವರು, ಪರದೆಗಳಿರುವ ಅಣಕು ಯಂತ್ರದಲ್ಲಿ, ಕಲಿಸಲು ತೀರ್ಮಾನಿಸಿದೆ.

ಕೈ ಪಳಗಿಸುವುದಕ್ಕೆ ಅದು ನಿಜಕ್ಕೂ ಒಳ್ಳೆಯ ಸಾಧನ. ಸಾಮಾನ್ಯ ಕ್ರಮದಲ್ಲಿ ಎಡ ಲಿವರಿನಿಂದ ಕ್ಯಾಬಿನ್ ತಿರುಗುತ್ತದೆ, ಆರ್ಮ್ (ಬಕೆಟ್ ಹಿಡಿದಿರುವ ಮುಂದಿನ ತೋಳು) ಚಾಚಿಕೊಳ್ಳುತ್ತದೆ; ಬಲ ಲಿವರಿನಿಂದ ಬೂಮ್ (ಕ್ಯಾಬಿನ್ ಬಳಿಯ ದೊಡ್ಡ ತೋಳು) ಏರಿಳಿಯುತ್ತದೆ, ಬಕೆಟ್ ಮಡಚಿಕೊಳ್ಳುತ್ತದೆ. ಬೂಮ್ ಮತ್ತು ಆರ್ಮ್‌ಗಳ ಲಿವರು ಅದಲುಬದಲಾಗಿರುವ ಯಂತ್ರಗಳೂ ಇರುವುದರಿಂದ ಎರಡೂ ಕ್ರಮಗಳನ್ನು ಅಭ್ಯಾಸ ಮಾಡಿಸುತ್ತೇನೆ. ಕೊಡಗಿನ ಕಕ್ಕಡ ತಿಂಗಳ ಮಳೆಯಲ್ಲಿ ಹೊರಗೆ ಯಂತ್ರ ಇಳಿಸಲಾಗದ ದಿನಗಳಲ್ಲೂ, ಡೀಸೆಲ್ ಸುಡದೆ, ಪಾಠ ನಡೆಯುತ್ತದೆ. (ಕರೆಂಟ್ ಹೋಗುವುದೂ ಅದೇ ದಿನಗಳಲ್ಲಿ, ಯುಪಿಎಸ್ ಇಲ್ಲದೆ ಈ ಸಾಹಸಕ್ಕೆ ಕೈಹಾಕಬಾರದು.)

ಆದರೆ ಮೊದಲ ತಂಡದಲ್ಲಿ ಪರದೆಯ ಮೇಲೆ ಎಲ್ಲರಿಗಿಂತ ಚುರುಕಾಗಿದ್ದ ಹುಡುಗನೇ ನಿಜವಾದ ಯಂತ್ರದಲ್ಲಿ ನನ್ನನ್ನು ಬೆಚ್ಚಿಬೀಳಿಸಿದ. ತೋಟದಂಚಿನ ಒದ್ದೆ ಕೆಂಪು ಮಣ್ಣಿನ ಮೇಲೆ, ತುಂಬಿದ ಬಕೆಟನ್ನು ಮೇಲಕ್ಕೆತ್ತಿಕೊಂಡು ತಗ್ಗಿನ ಕಡೆಗೆ ರಭಸವಾಗಿ ತಿರುಗಿಸಿಬಿಟ್ಟ. ತಗ್ಗಿನ ಬದಿಯ ಟ್ರ್ಯಾಕ್ (ಚಕ್ರದ ಬದಲಿಗಿರುವ ಸರಪಳಿ ಪಟ್ಟಿ) ಕುಸಿಯತೊಡಗಿದ್ದು ಹೊರಗೆ ನಿಂತಿದ್ದ ನನಗೆ ಕಾಣುತ್ತಿತ್ತು, ಒಳಗೆ ಕುಳಿತಿದ್ದ ಅವನಿಗೆ ಗೊತ್ತೇ ಆಗಲಿಲ್ಲ. ನಾನು ಕೂಗಿದ ಮೇಲೆ ಬಕೆಟನ್ನು ನೆಲಕ್ಕೂರಿದ್ದರಿಂದ ಯಂತ್ರ ಉಳಿಯಿತು. ಸೀಟು ವಾಲುವ ಸಿಮ್ಯುಲೇಟರುಗಳೂ ಇವೆಯಾದರೂ ನಮ್ಮದು ಅಂಥದ್ದಲ್ಲ. ನೆಲ ಸಡಿಲವಾಗುವಾಗ ಸೊಂಟಕ್ಕೆ ತಿಳಿಯಬೇಕಾದ ಸುಳಿವು ಅದರಲ್ಲಿ ಬರುವುದೇ ಇಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಮಗುಚಿದ ಯಂತ್ರವನ್ನು ಒಂದು ಗುಂಡಿ ಒತ್ತಿದರೆ ಮತ್ತೆ ಎಬ್ಬಿಸಿ ನಿಲ್ಲಿಸಬಹುದು.

ಆ ಗುಂಡಿಯ ಮೇಲೆ ನಾನು ಈಗ ಟೇಪು ಅಂಟಿಸಿದ್ದೇನೆ. ಯಂತ್ರ ಮಗುಚಿಸಿದವನು ಆ ದಿನ ಮತ್ತೆ ಸೀಟಿಗೆ ಏರುವಂತಿಲ್ಲ. ಕಾರಣವನ್ನು ತನ್ನ ಕೈಯಾರೆ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಬೆಳಿಗ್ಗೆ ಪರದೆಯ ಮೇಲೆ ಮಾಡಿದ ಕೆಲಸವನ್ನು, ಮಳೆ ಬಿಟ್ಟಿದ್ದರೆ, ಅದೇ ಮಧ್ಯಾಹ್ನ ಸಣ್ಣ ಇಳಿಜಾರಿನಲ್ಲಿ ನಿಜವಾದ ಯಂತ್ರದಿಂದ ಮಾಡಿಸುತ್ತೇನೆ. ಲಿವರು ಮುಟ್ಟುವ ಮೊದಲು ಕೆಳಗಿಳಿದು ನೆಲವನ್ನು ಮೆಟ್ಟಿ ನೋಡಬೇಕು, ಅಂಚಿನಲ್ಲಿ ಕೆಲಸವಿದ್ದರೆ ಹಿಂದಕ್ಕೆ ಸರಿಯಲು ದಾರಿಯಿರುವಂತೆ ಟ್ರ್ಯಾಕುಗಳನ್ನು ಅಂಚಿಗೆ ಲಂಬವಾಗಿ ನಿಲ್ಲಿಸಬೇಕು. ನೋಟ್‌ಬುಕ್ಕಿನಲ್ಲಿ ಅತಿ ಹೆಚ್ಚು ಸಲ ಬಂದಿರುವ ಕಾರಣ, ಆ ಹುಡುಗ ಮಾಡಿದ್ದೇ: ತುಂಬಿದ ಬಕೆಟ್, ತಗ್ಗಿನ ಕಡೆ ತಿರುವು.