1961ರ ಕುವೈತ್ ಬಿಕ್ಕಟ್ಟು: ಮೂಲ ಕಡತಗಳಿಂದ ಓದುವುದು ಹೇಗೆ

1961ರ ಜೂನ್ 19ರಂದು ಕುವೈತ್ ಬ್ರಿಟನ್ನಿನ ಹಿಡಿತದಿಂದ ಹೊರಬಂದು ಸ್ವತಂತ್ರವಾಯಿತು. ಆರೇ ದಿನಕ್ಕೆ, ಜೂನ್ 25ರಂದು, ಇರಾಕಿನ ಪ್ರಧಾನಿ ಅಬ್ದುಲ್ ಕರೀಂ ಕಾಸಿಂ ಅದು ಬಸ್ರಾ ಪ್ರಾಂತ್ಯಕ್ಕೆ ಸೇರಿದ ನೆಲ ಎಂದರು. ಜುಲೈ 1ರಂದು ಕುವೈತಿನ ರಕ್ಷಣೆಗೆ ಬ್ರಿಟಿಷ್ ಸೇನೆ ಅಲ್ಲಿ ಇಳಿಯಿತು. ಜುಲೈ 20ರಂದು ಅರಬ್ ದೇಶಗಳ ಸಂಘಟನೆಯಾದ ಅರಬ್ ಲೀಗ್ ಕುವೈತನ್ನು ಸದಸ್ಯನಾಗಿ ಸೇರಿಸಿಕೊಂಡಿತು. ಅರಬ್ ರಾಜಕೀಯವನ್ನು ಗಂಭೀರವಾಗಿ ಓದಬೇಕೆನ್ನುವವರಿಗೆ ಇದು ಬಹಳ ಒಳ್ಳೆಯ ಅಭ್ಯಾಸ: ಕಾಲ ಚಿಕ್ಕದು, ಕಡತಗಳು ತೆರೆದಿವೆ, ಅರ್ಧದಷ್ಟು ಕೆಲಸವನ್ನು ಮನೆಯಲ್ಲೇ ಕೂತು ಮಾಡಬಹುದು.

ಮೊದಲು ಒಂದು ಕಾಲಪಟ್ಟಿ ಮಾಡಿಕೊಳ್ಳಿ. ಐದು ಕಂಬಸಾಲು ಸಾಕು: ಘಟನೆಯ ದಿನಾಂಕ, ಕಾಗದ ಬರೆದ ದಿನಾಂಕ, ಬರೆದವರು, ಓದಿದವರು, ಆ ಕಾಗದ ಸಾರ್ವಜನಿಕವಾದ ವರ್ಷ. ಕೊನೆಯ ಕಂಬಸಾಲನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಅದೇ ಎಲ್ಲಕ್ಕಿಂತ ಮುಖ್ಯ. ಸರಕಾರಿ ಕಡತಗಳನ್ನು ಮೂವತ್ತು ವರ್ಷ ಮುಚ್ಚಿಡುವ ನಿಯಮ ಬ್ರಿಟನ್ನಿನಲ್ಲಿ ಆಗ ಇತ್ತು. ಹಾಗಾಗಿ 1961ರ ವಿದೇಶಾಂಗ ಕಡತಗಳು ಸಾಮಾನ್ಯವಾಗಿ ಹೊರಬಿದ್ದದ್ದು 1992ರ ಜನವರಿಯಲ್ಲಿ. ಸದ್ದಾಂ ಹುಸೇನ್ ಕುವೈತಿಗೆ ನುಗ್ಗಿದ ಹೊತ್ತಿನಲ್ಲಿ, ಅಂದರೆ 1990-91ರಲ್ಲಿ, ಅವಸರದಲ್ಲಿ ಬಂದ ಪುಸ್ತಕಗಳ ಲೇಖಕರಿಗೆ ಅವು ಸಿಕ್ಕಿರಲಿಲ್ಲ. ಪುಸ್ತಕ ಕೈಗೆತ್ತಿಕೊಂಡ ಕೂಡಲೇ ಪ್ರಕಟಣೆಯ ವರ್ಷ ನೋಡುವ ರೂಢಿ ಮಾಡಿಕೊಳ್ಳಿ.

ಇನ್ನು ಕಾಸಿಂ ವಾದದ ಬೇರಿಗೆ ಇಳಿಯಬೇಕು. ಅದರ ಪರ-ವಿರೋಧದ ಚರ್ಚೆ ನಾಲ್ಕು ಕಾಗದಗಳ ಸುತ್ತ ನಿಂತಿದೆ; ಕೊನೆಯದು ಕಾಸಿಂ ಕಾಲದ ನಂತರದ್ದು. ಪ್ರತಿಯೊಂದಕ್ಕೂ ಒಂದೇ ಪ್ರಶ್ನೆಗಳನ್ನು ಕೇಳಿ: ಸಹಿ ಹಾಕಿದವರು ಯಾರು, ಅವರಿಗೆ ಆ ಅಧಿಕಾರ ಇತ್ತೇ, ಅದು ಗುಟ್ಟಾಗಿತ್ತೇ, ಅನುಮೋದನೆ ಆಯಿತೇ.

1899ರ ಜನವರಿ 23ರ ಒಪ್ಪಂದ ಮೊದಲನೆಯದು. ಬ್ರಿಟಿಷರ ಒಪ್ಪಿಗೆಯಿಲ್ಲದೆ ಬೇರೆ ದೇಶದ ಪ್ರತಿನಿಧಿಯನ್ನು ಸ್ವೀಕರಿಸುವುದಿಲ್ಲ, ನೆಲವನ್ನು ಮಾರುವುದಿಲ್ಲ, ಗುತ್ತಿಗೆಗೂ ಕೊಡುವುದಿಲ್ಲ ಎಂದು ಕುವೈತಿನ ಆಡಳಿತಗಾರ ಶೇಖ್ ಮುಬಾರಕ್ ಬರೆದುಕೊಟ್ಟರು; ಪ್ರತಿಯಾಗಿ ಸಿಕ್ಕಿದ್ದು 15,000 ರೂಪಾಯಿ. ಒಪ್ಪಂದವನ್ನು ಗುಟ್ಟಾಗಿಡಲಾಯಿತು. ಎರಡನೆಯದು 1913ರ ಜುಲೈ 29ರ ಆಂಗ್ಲೋ-ಆಟೊಮನ್ ಒಡಂಬಡಿಕೆ. ಅದು ಕುವೈತನ್ನು ಆಟೊಮನ್ ಸಾಮ್ರಾಜ್ಯದೊಳಗಿನ ಸ್ವಾಯತ್ತ ಕಜಾ, ಎಂದರೆ ಜಿಲ್ಲಾಮಟ್ಟದ ಘಟಕ, ಎಂದು ಕರೆಯಿತು. ಬಸ್ರಾ ಕೂಡ ಆಗ ಆಟೊಮನ್ ಪ್ರಾಂತ್ಯವೇ ಆಗಿದ್ದರಿಂದ ಇರಾಕ್ ಪರ ವಾದಿಸುವವರು ಈ ಸಾಲನ್ನೇ ಎತ್ತಿ ಹಿಡಿಯುತ್ತಾರೆ. ಆದರೆ ಮಹಾಯುದ್ಧ ಬಂದದ್ದರಿಂದ ಅದಕ್ಕೆ ಅನುಮೋದನೆ ಸಿಗಲೇ ಇಲ್ಲ. ಈ ಎರಡೂ ಸಂಗತಿಗಳನ್ನು ಒಂದೇ ವಾಕ್ಯದಲ್ಲಿ ಬರೆಯದ ಲೇಖಕರ ಬಗ್ಗೆ ಎಚ್ಚರವಿರಲಿ.

ಮೂರನೆಯದು 1932ರ ಪತ್ರಗಳು. ರಾಷ್ಟ್ರಸಂಘಕ್ಕೆ (ಲೀಗ್ ಆಫ್ ನೇಷನ್ಸ್) ಸೇರುವ ಮುನ್ನ ಇರಾಕಿನ ಪ್ರಧಾನಿ ನೂರಿ ಅಲ್-ಸಯೀದ್ ಜುಲೈ 21ರಂದು ಗಡಿಯ ವಿವರಣೆಯನ್ನು ಬರವಣಿಗೆಯಲ್ಲಿ ಕೊಟ್ಟರು. ಆಗಸ್ಟ್ 10ರಂದು ಕುವೈತಿನ ಶೇಖ್ ಒಪ್ಪಿದರು. ಕೊನೆಯದು 1963ರ ಅಕ್ಟೋಬರ್ 4ರ ಒಪ್ಪಂದ. ಅಷ್ಟರಲ್ಲಿ ಕಾಸಿಂ ಕೊಲೆಯಾಗಿ ಬಾಗ್ದಾದಿನಲ್ಲಿ ಹೊಸ ಸರಕಾರ ಬಂದಿತ್ತು. ಅದು ಕುವೈತಿನ ಸ್ವಾತಂತ್ರ್ಯವನ್ನೂ 1932ರ ಪತ್ರದ ಗಡಿಯನ್ನೂ ಒಪ್ಪಿತು. ಇದಕ್ಕೆ ಸಂವಿಧಾನಬದ್ಧ ಅನುಮೋದನೆ ಇರಲಿಲ್ಲ ಎಂದು ಇರಾಕ್ ಮುಂದೆ ತಕರಾರು ತೆಗೆಯಿತು. ಆದರೂ 1991ರ ಯುದ್ಧದ ನಂತರ ವಿಶ್ವಸಂಸ್ಥೆಯ ಗಡಿ ಆಯೋಗ ಗುರುತು ಹಾಕಿದ್ದು ಈ ಕೊನೆಯ ಎರಡು ಕಾಗದಗಳ ಆಧಾರದ ಮೇಲೆ.

ಈಗ ಕಡತಗಳಿಗೆ ಬರೋಣ. ಕತಾರ್ ಡಿಜಿಟಲ್ ಲೈಬ್ರರಿಯಲ್ಲಿ ಇಂಡಿಯಾ ಆಫೀಸಿನ, ಅಂದರೆ ಭಾರತದ ವ್ಯವಹಾರ ನೋಡುತ್ತಿದ್ದ ಲಂಡನ್ ಇಲಾಖೆಯ, ಕೊಲ್ಲಿ ಕಡತಗಳು ಉಚಿತವಾಗಿ ಸಿಗುತ್ತವೆ. ಇರಾನಿನ ಬುಶೇರಿನಲ್ಲಿದ್ದ ರೆಸಿಡೆನ್ಸಿಯ (ಕೊಲ್ಲಿಯಲ್ಲಿ ಬ್ರಿಟಿಷರ ಮುಖ್ಯ ಕಚೇರಿ) ಕಡತಗಳ ಸರಣಿ ಸಂಖ್ಯೆ ಆರ್/15/1, ಅದರ ಕೆಳಗಿನ ಕುವೈತ್ ಏಜೆನ್ಸಿಯದು ಆರ್/15/5. ಹುಡುಕುವಾಗ ಇಂದಿನ ಕಾಗುಣಿತ ಒಂದನ್ನೇ ನಂಬಿದರೆ ಅರ್ಧ ಕಡತ ತಪ್ಪಿಹೋಗುತ್ತದೆ. ಕೊವೇತ್ (Koweit), ಕೊವೈತ್ (Kowait) ಎಂಬ ಹಳೆಯ ಇಂಗ್ಲಿಷ್ ಕಾಗುಣಿತಗಳನ್ನೂ, ಇನ್ನೂ ಹಿಂದಿನ ಗ್ರೇನ್ (Grane) ಎಂಬ ಹೆಸರನ್ನೂ ಹಾಕಿ ನೋಡಿ. ಪದ ಹುಡುಕಾಟ ಟೈಪ್ ಮಾಡಿದ ಮತ್ತು ಅಚ್ಚಾದ ಪುಟಗಳಲ್ಲಿ ಚೆನ್ನಾಗಿ ನಡೆಯುತ್ತದೆ, ಕೈಬರಹದಲ್ಲಿ ಕೈಕೊಡುತ್ತದೆ. 1899ರ ಸುತ್ತಲಿನ ಕೈಬರಹದ ಪತ್ರಗಳಿಗೆ ಕಡತದ ಹೆಸರು ನೋಡಿ ಪುಟಪುಟವಾಗಿ ಹೋಗುವುದೊಂದೇ ದಾರಿ.

ಆ ಹಂತಕ್ಕೆ ಸುಲಭದ ಪ್ರವೇಶವೂ ಇದೆ. ಮುಂಬಯಿ ಪ್ರಾಂತ್ಯದ ಸೇವೆಯಲ್ಲಿದ್ದ ಜೆ. ಎ. ಸಲ್ದಾನಾ 1896ರಿಂದ 1904ರವರೆಗಿನ ಕುವೈತ್ ವ್ಯವಹಾರಗಳ ಕಡತಗಳನ್ನು ಸಂಕ್ಷೇಪಿಸಿ ಅಚ್ಚು ಹಾಕಿಸಿದ್ದಾರೆ. ಅದನ್ನು ಮೊದಲು ಓದಿ, ಅಲ್ಲಿ ಸಿಗುವ ದಿನಾಂಕ ಹಿಡಿದು ಮೂಲಕ್ಕೆ ಹೋಗಿ. ಸಂಕ್ಷೇಪವನ್ನೇ ಮೂಲವೆಂದು ಉಲ್ಲೇಖಿಸಬೇಡಿ. ಅದು ಸರಕಾರದ ಬಳಕೆಗೆಂದು ಆಯ್ದು ಬರೆದದ್ದು.

ಬ್ರಿಟಿಷರ ಕೊಲ್ಲಿ ಆಡಳಿತ 1947ರವರೆಗೆ ಭಾರತ ಸರಕಾರದ ಮೂಲಕ ನಡೆದದ್ದರಿಂದ ನಮಗೊಂದು ಅನುಕೂಲವಿದೆ. ಅದೇ ಪತ್ರದ ಪ್ರತಿ ದೆಹಲಿಯ ರಾಷ್ಟ್ರೀಯ ಅಭಿಲೇಖಾಲಯದಲ್ಲೂ ಸಿಗಬಹುದು. ಅದರ ಅಭಿಲೇಖ್ ಪಟಲ್ ಜಾಲತಾಣದಲ್ಲಿ ವಿದೇಶಾಂಗ ಮತ್ತು ರಾಜಕೀಯ ಇಲಾಖೆಯ ಹೆಸರಿನಡಿ ಹುಡುಕಿ. ಎರಡು ಪ್ರತಿಗಳನ್ನು ಹೋಲಿಸಿದರೆ ಅಂಚಿನ ಟಿಪ್ಪಣಿಗಳು ಬೇರೆಬೇರೆ ಇರುತ್ತವೆ. ಕುವೈತಿನ ಏಜೆಂಟ್ ಬರೆದದ್ದನ್ನು ಬುಶೇರಿನ ರೆಸಿಡೆಂಟ್ ಹೇಗೆ ತಿದ್ದಿ ಮೇಲೆ ಕಳಿಸಿದ, ಲಂಡನ್ ಅದರಲ್ಲಿ ಯಾವ ಭಾಗವನ್ನು ಕೈಬಿಟ್ಟಿತು ಎಂಬುದು ಅಲ್ಲೇ ಕಾಣುತ್ತದೆ. 1961ರ ಬ್ರಿಟಿಷ್ ವಿದೇಶಾಂಗ ಕಡತಗಳು ಲಂಡನ್ನಿನ ಕ್ಯೂ ಎಂಬಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನ ಎಫ್‌ಒ 371 (ಫಾರಿನ್ ಆಫೀಸ್) ಸರಣಿಯಲ್ಲಿವೆ.

ಬ್ರಿಟಿಷ್ ಕಾಗದಗಳನ್ನಷ್ಟೇ ಓದಿದವರು ಇದನ್ನು ಬ್ರಿಟನ್ ಒಂದೇ ಬಿಡಿಸಿದ ಕಥೆ ಎಂದು ಬರೆಯುತ್ತಾರೆ. ಅದು ದೊಡ್ಡ ತಪ್ಪು. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ 957ರಿಂದ 960ನೇ ಸಭೆಗಳ ನಡಾವಳಿ ತೆಗೆದು ನೋಡಿ: ಬ್ರಿಟಿಷ್ ಕರಡನ್ನು ಸೋವಿಯತ್ ವೀಟೊ ತಡೆಯಿತು, ಬ್ರಿಟಿಷ್ ಪಡೆ ಹೊರಡಬೇಕೆಂದ ಈಜಿಪ್ಟಿನ, ಅಂದರೆ ಆಗಿನ ಸಂಯುಕ್ತ ಅರಬ್ ಗಣರಾಜ್ಯದ, ಕರಡಿಗೆ ಸಾಕಷ್ಟು ಮತ ಬೀಳಲಿಲ್ಲ. ದಾರಿ ತೆರೆದದ್ದು ಅರಬ್ ಲೀಗಿನ ಜುಲೈ 20ರ ನಿರ್ಣಯ. ಬ್ರಿಟಿಷ್ ಪಡೆಯನ್ನು ಬೇಗ ಕಳಿಸಲು ಕುವೈತ್ ಒಪ್ಪಬೇಕು, ಬದಲಿಗೆ ಅರಬರೇ ಅದರ ರಕ್ಷಣೆಗೆ ನಿಲ್ಲಬೇಕು ಎಂಬುದು ಅದರ ತಿರುಳು. ಇರಾಕಿನ ಪ್ರತಿನಿಧಿ ಎದ್ದು ಹೋದರು. ಸೌದಿ, ಈಜಿಪ್ಟ್, ಸುಡಾನ್, ಜೋರ್ಡನ್, ಟ್ಯುನೀಶಿಯಾ ದೇಶಗಳ ಸೈನಿಕರು ಬಂದ ಮೇಲೆ ಅಕ್ಟೋಬರಿನಲ್ಲಿ ಬ್ರಿಟಿಷರು ಹೊರಟರು.

ಇಲ್ಲಿ ಪ್ರತಿ ದೇಶದ ಉದ್ದೇಶವನ್ನೂ ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ. ಸಂಯುಕ್ತ ಅರಬ್ ಗಣರಾಜ್ಯದ ಅಧ್ಯಕ್ಷ ನಾಸರ್‌ಗೆ ಕಾಸಿಂ ಪ್ರತಿಸ್ಪರ್ಧಿ, ಬ್ರಿಟಿಷ್ ಸೇನೆ ಹಳೆಯ ಶತ್ರು. ಎರಡನ್ನೂ ಒಂದೇ ನಿರ್ಣಯದಿಂದ ತಡೆಯಬೇಕಿತ್ತು. ಸೆಪ್ಟೆಂಬರ್ 28ರಂದು ಸಿರಿಯಾ ಆ ಗಣರಾಜ್ಯದಿಂದ ಹೊರಬಿತ್ತು, ಸ್ವಲ್ಪದರಲ್ಲೇ ನಾಸರ್ ಪಡೆಯೂ ಕುವೈತಿನಿಂದ ಹಿಂದೆ ಸರಿಯಿತು. ಕಾಲಪಟ್ಟಿಯಲ್ಲಿ ಸಿರಿಯಾಕ್ಕೆ ಜಾಗ ಕೊಡದಿದ್ದರೆ ಈ ನಡೆ ಅರ್ಥವೇ ಆಗುವುದಿಲ್ಲ.

ಪದೇ ಪದೇ ಕಾಣುವ ಇನ್ನೊಂದು ತಪ್ಪು: ಕುವೈತಿನ ಗಡಿಯನ್ನು 1916ರ ಸೈಕ್ಸ್-ಪಿಕೊ ಒಪ್ಪಂದ (ಆಟೊಮನ್ ನೆಲ ಹಂಚಿಕೆಗೆ ಬ್ರಿಟನ್-ಫ್ರಾನ್ಸ್ ಮಾಡಿಕೊಂಡದ್ದು) ಎಳೆಯಿತು ಎನ್ನುವುದು. ಸೌದಿ ಕಡೆಯ ಗಡಿ ನಿಂತದ್ದು 1922ರ ಉಕೈರ್ ಮಾತುಕತೆಯಲ್ಲಿ, ಬ್ರಿಟಿಷ್ ಅಧಿಕಾರಿ ಪರ್ಸಿ ಕಾಕ್ಸ್ ಅಧ್ಯಕ್ಷತೆಯಲ್ಲಿ. ಕುವೈತ್ ಅಲ್ಲಿ ಬಹಳ ನೆಲ ಕಳೆದುಕೊಂಡಿತು.

ಟಿಪ್ಪಣಿ ಬರೆಯುವಾಗ ಕಡತದ ಸಂಖ್ಯೆಯ ಜೊತೆಗೆ ಹಾಳೆಯ ಸಂಖ್ಯೆ, ಅದರ ಮುಂಬದಿಯೋ ಹಿಂಬದಿಯೋ ಎಂಬುದನ್ನೂ ಹಾಕಿ. ಚಿತ್ರದ ಕ್ರಮಸಂಖ್ಯೆ ಸಾಲದು. ಅದಕ್ಕೂ ಹಾಳೆಯ ಸಂಖ್ಯೆಗೂ ತಾಳೆಯಾಗುವುದಿಲ್ಲ. ಅರಬ್ಬಿ ಪತ್ರದಲ್ಲಿ ಹಿಜರಿ ದಿನಾಂಕವಿದ್ದರೆ ಅದನ್ನೂ ಪಕ್ಕದಲ್ಲೇ ಬರೆಯಿರಿ. ಹಿಜರಿ ವರ್ಷಕ್ಕೆ 354 ಅಥವಾ 355 ದಿನ. ಪರಿವರ್ತನೆಯಲ್ಲಿ ಒಂದು ದಿನ ಆಚೀಚೆ ಆಗುವುದು ಸಾಮಾನ್ಯ, ಹಾಗಾಗಿ ಪತ್ರದಲ್ಲಿ ವಾರದ ಹೆಸರಿದ್ದರೆ ಅದರೊಂದಿಗೆ ತಾಳೆ ನೋಡಿ.