ವಿದೇಶಿ ಪಾಸ್‌ಪೋರ್ಟ್ ಇದ್ದವರು ಕಲಬುರಗಿಯಲ್ಲಿ ಮನೆ ಕೊಳ್ಳುವುದು ಹೇಗೆ?

ಸೇಡಂ ರಸ್ತೆಯಲ್ಲೋ ಜೇವರ್ಗಿ ರಸ್ತೆಯಲ್ಲೋ ಹೊಸ ಲೇಔಟಿನ ಬೋರ್ಡ್ ಬಿದ್ದರೆ ಸಾಕು, ಅದರ ಫೋಟೊ ಅವತ್ತೇ ಟೊರಾಂಟೊಗೆ, ಡಲ್ಲಾಸ್‌ಗೆ, ದುಬೈಗೆ ಹೋಗುತ್ತದೆ. ಅಲ್ಲಿಂದ ಮಗ ದುಡ್ಡು ಕಳಿಸುತ್ತಾನೆ, ಇಲ್ಲಿ ಅಪ್ಪ ಬಯಾನ ಕೊಟ್ಟು ಬರುತ್ತಾರೆ. ಕಾಗದ ನೋಡುವುದು ಆಮೇಲೆ. ಬ್ಯಾಂಕಿನಲ್ಲಿ ಎನ್‌ಆರ್‌ಐ ಖಾತೆಗಳ ಕೆಲಸ ನೋಡುತ್ತಿದ್ದ ಕಾಲದಿಂದ ಇದೇ ಎಡವಟ್ಟನ್ನು ಬೇರೆ ಬೇರೆ ಮನೆಗಳಲ್ಲಿ ನೋಡುತ್ತ ಬಂದಿದ್ದೇನೆ. ಮನೆ ಆರಿಸುವುದರಲ್ಲಿ ನಮ್ಮವರು ಜಾಣರು. ಎಡವುವುದು ಎರಡೇ ಕಡೆ: ಜಮೀನು ಯಾವ ಬಗೆಯದು ಅನ್ನುವಲ್ಲಿ, ಮತ್ತು ದುಡ್ಡು ಯಾವ ದಾರಿಯಿಂದ ಬಂತು ಅನ್ನುವಲ್ಲಿ.

ಪರದೇಶದವರಿಗೆ ಮನೆ ಕೊಳ್ಳಲು ಬಿಡಬೇಕಾ ಅನ್ನುವ ಜಗಳ ಈಗ ಎಲ್ಲ ದೇಶದಲ್ಲೂ ಇದೆ. ನ್ಯೂಜಿಲೆಂಡ್ 2018ರಲ್ಲೇ ಬಹುಪಾಲು ಹೊರಗಿನವರಿಗೆ ಬಾಗಿಲು ಹಾಕಿತು. ಕೆನಡಾ 2023ರ ಜನವರಿಯಿಂದ, ಆಸ್ಟ್ರೇಲಿಯಾ ಹಳೆಯ ಮನೆಗಳ ಮಟ್ಟಿಗೆ 2025ರ ಏಪ್ರಿಲ್‌ನಿಂದ ತಡೆ ಹಾಕಿದವು. ನಮ್ಮ ದೇಶ ಗೆರೆ ಎಳೆದಿರುವ ರೀತಿ ಬೇರೆ. ಭಾರತ ಮೂಲದವರಿಗೆ ಮನೆ, ಪ್ಲಾಟ್ ಕೊಳ್ಳಲು ಅಡ್ಡಿಯಿಲ್ಲ. ಹೊಲ, ತೋಟ, ಫಾರ್ಮ್‌ಹೌಸ್ ಮಾತ್ರ ಮುಟ್ಟುವ ಹಾಗಿಲ್ಲ. ಈ ಗೆರೆ ಸರಿಯಾಗಿದೆ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಈ ಊರಿನಲ್ಲಿ ಹುಟ್ಟಿದವರಿಗೆ ಇಲ್ಲಿ ಒಂದು ಮನೆ ಬೇಕು ಅನ್ನಿಸುವುದು ಸಹಜ. ಆದರೆ ತೊಗರಿ ಬೆಳೆಯುವ ಎರೆಭೂಮಿ ಡಾಲರ್ ಲೆಕ್ಕದಲ್ಲಿ ಮಾರಾಟವಾದರೆ, ಇಲ್ಲೇ ಉಳಿದ ರೈತನ ಮಗ ಅದನ್ನು ಯಾವತ್ತೂ ವಾಪಸ್ ಕೊಳ್ಳಲಾರ.

ಮೊದಲು: ನಿಮ್ಮ ಪಾಸ್‌ಪೋರ್ಟ್ ಯಾವುದು?

ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಹೊರಗಿದ್ದರೆ ನೀವು ಎನ್‌ಆರ್‌ಐ. ಬೇರೆ ದೇಶದ ಪೌರತ್ವ ತಗೊಂಡಿದ್ದರೆ ನಿಮ್ಮ ಭಾರತದ ಪೌರತ್ವ ಅವತ್ತೇ ಹೋಯಿತು, ಇಲ್ಲಿ ಮನೆ ಕೊಳ್ಳಲು ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಸರ್ಕಾರ ಕೊಡುವ ಕಾರ್ಡ್) ಮಾಡಿಸಲೇಬೇಕು. ಮನೆ ಖರೀದಿಯಲ್ಲಿ ಇಬ್ಬರಿಗೂ ಒಂದೇ ನಿಯಮ. ಒಸಿಐ ಅರ್ಜಿ ಹಾಕದೆ, ಹಳೆಯ ಭಾರತದ ಪಾಸ್‌ಪೋರ್ಟ್ ಮತ್ತು ಹಳೆಯ ಆಧಾರ್ ತೋರಿಸಿ ರಿಜಿಸ್ಟ್ರಿ ಮಾಡಿಸಿಕೊಂಡವರಿದ್ದಾರೆ. ಅವತ್ತು ಕೆಲಸ ಆಗುತ್ತದೆ. ನಾಳೆ ಮಾರಲು ಹೋದಾಗ ಸುಳ್ಳು ಹೇಳಿ ಕೊಂಡದ್ದು ಬಯಲಿಗೆ ಬರುತ್ತದೆ.

ಹೆಂಡತಿ ಅಥವಾ ಗಂಡ ವಿದೇಶಿ ಮೂಲದವರಾದರೆ ಜಂಟಿಯಾಗಿ ಒಂದು ಆಸ್ತಿ ಕೊಳ್ಳಬಹುದು. ಮದುವೆ ನೋಂದಣಿಯಾಗಿರಬೇಕು, ಖರೀದಿಗೆ ಮುಂಚೆ ಕನಿಷ್ಠ ಎರಡು ವರ್ಷ ಆ ಮದುವೆ ನಡೆದುಕೊಂಡು ಬಂದಿರಬೇಕು. ಭಾರತ ಮೂಲವೇ ಇಲ್ಲದ, ಇಲ್ಲಿ ವಾಸವೂ ಇಲ್ಲದ ವಿದೇಶಿಯರು ಕೊಳ್ಳುವ ಹಾಗಿಲ್ಲ, ಐದು ವರ್ಷದವರೆಗೆ ಲೀಸ್‌ಗೆ ಹಿಡಿಯಬಹುದು ಅಷ್ಟೇ. ಪಾಕಿಸ್ತಾನ, ಬಾಂಗ್ಲಾದೇಶ, ಚೀನಾ, ನೇಪಾಳ, ಶ್ರೀಲಂಕಾ, ಇರಾನ್ ಮುಂತಾದ ಕೆಲವು ದೇಶಗಳ ಪ್ರಜೆಗಳು ಇಲ್ಲೇ ವಾಸವಿದ್ದರೂ ರಿಸರ್ವ್ ಬ್ಯಾಂಕಿನ ಅನುಮತಿ ಬೇಕು.

ಸಂವಿಧಾನದಲ್ಲಿ 371(ಜೆ) ಕಲಂ ಬಂದ ಮೇಲೆ ಹೊರಗಿನವರು ಕಲ್ಯಾಣ ಕರ್ನಾಟಕದಲ್ಲಿ ಆಸ್ತಿ ಕೊಳ್ಳುವ ಹಾಗಿಲ್ಲ ಅಂತ ಒಂದು ಮಾತು ಓಡಾಡುತ್ತದೆ. ಅದು ಸುಳ್ಳು. ಆ ಕಲಂ ಇರುವುದು ಓದು, ನೌಕರಿ ಮತ್ತು ಈ ಭಾಗದ ಅಭಿವೃದ್ಧಿಗೆ. ಜಮೀನಿನ ತಂಟೆಗೆ ಅದು ಬರುವುದಿಲ್ಲ.

ಎರಡನೆಯದು: ಎನ್‌ಎ ಆಗಿದೆಯಾ?

ಎನ್‌ಎ ಅಂದರೆ ಹೊಲವನ್ನು ಕೃಷಿಯೇತರ ಜಮೀನು ಅಂತ ಸರ್ಕಾರ ಬದಲಾಯಿಸಿ ಕೊಡುವುದು. ಇಲ್ಲಿ ನಿಧಾನ ಮಾಡಿ. "ಈಗ ಕರ್ನಾಟಕದಾಗ ಯಾರು ಬೇಕಾದ್ರೂ ಹೊಲ ತಗೋಬಹುದು ರೀ" ಅಂತ ಏಜೆಂಟ್ ಹೇಳುತ್ತಾರೆ. ಅರ್ಧ ನಿಜ. 2020ರಲ್ಲಿ ರಾಜ್ಯದ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿಯಾಗಿ, ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಅಂತಾಯಿತು. ಆದರೆ ನಿಮ್ಮನ್ನು ತಡೆಯುವುದು ಫೆಮಾ, ಅದು ವಿದೇಶಿ ವಿನಿಮಯದ ಮೇಲಿನ ಕೇಂದ್ರದ ಕಾಯ್ದೆ. ಬೆಂಗಳೂರಿನ ಡಾಕ್ಟರ್ ಆಳಂದ ರಸ್ತೆಯಲ್ಲಿ ಎರಡು ಎಕರೆ ಕೊಳ್ಳಬಹುದು. ಅವರ ಅಣ್ಣ, ಅಮೆರಿಕದಲ್ಲಿ ನೆಲೆಸಿದವರು, ಅದೇ ಹೊಲದಲ್ಲಿ ಒಂದು ಗುಂಟೆಯನ್ನೂ ಕೊಳ್ಳುವ ಹಾಗಿಲ್ಲ. ತಪ್ಪಿದರೆ ವ್ಯವಹಾರದ ಮೊತ್ತದ ಮೂರು ಪಟ್ಟಿನವರೆಗೆ ದಂಡ ಹಾಕಬಹುದು. ಪಿತ್ರಾರ್ಜಿತವಾಗಿ ಬಂದ ಹೊಲ ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಮಾರುವಾಗ ಮಾತ್ರ ಭಾರತದಲ್ಲೇ ವಾಸವಿರುವ ಭಾರತೀಯರಿಗೇ ಮಾರಬೇಕು.

2019ರ ನವೆಂಬರ್‌ನಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಆ ಕಡೆ "ಫಾರ್ಮ್ ಪ್ಲಾಟ್" ಅನ್ನುವ ಮಾಲು ಜಾಸ್ತಿಯಾಗಿದೆ. ಹೊಲವನ್ನೇ ಗುಂಟೆ ಲೆಕ್ಕದಲ್ಲಿ ತುಂಡು ಮಾಡಿ, ನಾಲ್ಕು ಮಾವಿನ ಸಸಿ ನೆಟ್ಟು, ತಂತಿ ಬೇಲಿ ಹಾಕಿ ಮಾರುತ್ತಾರೆ. ವಿದೇಶದಲ್ಲಿರುವವರು ಇದರ ಹತ್ತಿರವೂ ಹೋಗಬೇಡಿ. ಎಷ್ಟೇ ಅಗ್ಗವಾಗಿರಲಿ, ಮುಂದೆ ಎನ್‌ಎ ಮಾಡಿಸಿ ಕೊಡುತ್ತೇವೆ ಅಂತ ಬಾಂಡ್ ಮೇಲೆ ಬರೆದು ಕೊಡಲಿ, ಬೇಡ. ನೀವು ಕೊಳ್ಳುವ ದಿನ ಅದು ಎನ್‌ಎ ಆಗಿರಬೇಕು.

ಎನ್‌ಎ ಆದೇಶವನ್ನು ಓದುವುದಕ್ಕೂ ಒಂದು ಕ್ರಮ ಇದೆ. ಜಿಲ್ಲಾಧಿಕಾರಿ ಆದೇಶದ ಜೆರಾಕ್ಸ್ ಕೈಗೆ ಬಂದ ಕೂಡಲೇ ಮೊಹರು ನೋಡಿ ಖುಷಿಪಡಬೇಡಿ. ಸರ್ವೆ ನಂಬರಿನ ಪಕ್ಕ ಇರುವ ಹಿಸ್ಸಾ ನಂಬರ್ ನೋಡಿ. ಉದಾಹರಣೆಗೆ, ಆದೇಶ ಆಗಿರುವುದು 47/2ಕ್ಕೆ, ನಿಮಗೆ ತೋರಿಸುತ್ತಿರುವ ಪ್ಲಾಟ್ ಇರುವುದು 47/3ರಲ್ಲಿ. ಕಾಲ ಕೆಳಗಿನ ಮಣ್ಣು ಒಂದೇ, ಬೇಲಿಯೂ ಒಂದೇ, ಆದರೆ ಒಂದು ಮನೆಯ ಜಾಗ, ಇನ್ನೊಂದು ಹೊಲ. ಆಮೇಲೆ ಉದ್ದೇಶದ ಸಾಲು ಓದಿ, ವಸತಿಗೆ ಅಂತಲೇ ಇರಬೇಕು. ನಂತರ ಪಹಣಿ ತೆಗೆಸಿ. 9ನೇ ಕಾಲಂನಲ್ಲಿ ಮಾಲೀಕರ ಹೆಸರು, 10ರಲ್ಲಿ ಅವರಿಗೆ ಜಮೀನು ಹೇಗೆ ಬಂತು, 11ರಲ್ಲಿ ಸಾಲ, ಹಕ್ಕು, ತಕರಾರು. ನಮ್ಮ ಕಡೆ 11ನೇ ಕಾಲಂ ಓದದೆ ಕೊಂಡು ಕೋರ್ಟ್ ಹತ್ತಿದವರೇ ಜಾಸ್ತಿ. ಕೊನೆಗೆ ನಗರಾಭಿವೃದ್ಧಿ ಪ್ರಾಧಿಕಾರ ಮಂಜೂರು ಮಾಡಿದ ಲೇಔಟ್ ನಕ್ಷೆ ಕೇಳಿ, ಅದರಲ್ಲಿ ನಿಮ್ಮ ಪ್ಲಾಟ್ ನಂಬರ್ ಹುಡುಕಿ. ಎಷ್ಟೋ ಸಲ ಆ ಜಾಗದಲ್ಲಿ ಉದ್ಯಾನ ಅಂತ ಬರೆದಿರುತ್ತದೆ.

ಇಸಿ (ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಋಣಭಾರ ಪತ್ರ) ಆನ್‌ಲೈನ್‌ನಲ್ಲಿ ನೋಂದಣಿ ಇಲಾಖೆಯ ವೆಬ್‌ಸೈಟ್ ಕಾವೇರಿಯಿಂದ ಸಿಗುತ್ತದೆ, ಆದರೆ 2004ರಿಂದ ಈಚಿನದು ಮಾತ್ರ. ಹಿಂದಿನದನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಹಾಕಿ ತೆಗೆಸಿ. ಬ್ರಹ್ಮಪುರದಂಥ ಹಳೆಯ ಬಡಾವಣೆಯ ಮನೆಯಾದರೆ ಮೂಲ ಕಾಗದ ನಿಜಾಮರ ಕಾಲದ್ದಾಗಿ ಉರ್ದುವಿನಲ್ಲಿ ಇರಬಹುದು. ಓದಲು ಬಾರದು ಅಂತ ಬದಿಗಿಡಬೇಡಿ. ಉರ್ದು ಬಲ್ಲ ವಕೀಲರಿಂದ ಓದಿಸಿ, ಕನ್ನಡದಲ್ಲಿ ಬರೆಸಿ ಸಹಿ ಮಾಡಿಸಿಕೊಳ್ಳಿ.

ಇ-ಖಾತೆ (ಸ್ಥಳೀಯ ಸಂಸ್ಥೆಯಲ್ಲಿರುವ ಆಸ್ತಿ ದಾಖಲೆಯ ಡಿಜಿಟಲ್ ರೂಪ) ಇಲ್ಲದಿದ್ದರೆ ಬಯಾನ ಕೊಡಬೇಡಿ. ಈಗ ಇ-ಖಾತೆ ಇಲ್ಲದೆ ರಿಜಿಸ್ಟ್ರಿಯೇ ಆಗುವುದಿಲ್ಲ. ಬಿ ಖಾತೆಯ, ಅಂದರೆ ಮಂಜೂರಾತಿ ಸರಿಯಾಗಿ ಇಲ್ಲದ ಆಸ್ತಿಯನ್ನು ದೂರದಲ್ಲಿ ಕೂತವರು ಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

ಮೂರನೆಯದು: ಪ್ಯಾನ್ ಕಾರ್ಡ್

ಇಲ್ಲದಿದ್ದರೆ ಮಾಡಿಸಿ. ವಿದೇಶಿ ಪ್ರಜೆಗಳಿಗೆ ಬೇರೆ ಫಾರ್ಮ್ ಇದೆ, ಅದನ್ನೇ ತುಂಬಿ.

ನಾಲ್ಕನೆಯದು: ದುಡ್ಡಿನ ದಾರಿ

ಹತ್ತರಲ್ಲಿ ಎಂಟು ಮನೆಯವರು ಕೆಡಿಸಿಕೊಳ್ಳುವ ಹೆಜ್ಜೆ ಇದೇ, ಅದಕ್ಕೇ ವಿವರವಾಗಿ ಹೇಳುತ್ತೇನೆ.

ನಿಯಮ ಚಿಕ್ಕದು. ಮನೆಯ ದುಡ್ಡು ಹೊರದೇಶದಿಂದ ಬ್ಯಾಂಕ್ ಮೂಲಕ ನೇರವಾಗಿ ಬರಬೇಕು, ಇಲ್ಲವೇ ನಿಮ್ಮದೇ ಎನ್‌ಆರ್‌ಇ (ಹೊರಗಿನ ದುಡ್ಡನ್ನು ರೂಪಾಯಿಯಲ್ಲಿ ಇಡುವ ಖಾತೆ), ಎಫ್‌ಸಿಎನ್‌ಆರ್ (ವಿದೇಶಿ ಹಣದಲ್ಲೇ ಇಡುವ ಠೇವಣಿ) ಅಥವಾ ಎನ್‌ಆರ್‌ಒ (ಭಾರತದಲ್ಲಿನ ಆದಾಯ ಇಡುವ ಖಾತೆ) ಖಾತೆಯಿಂದ ಹೋಗಬೇಕು. ಡಾಲರ್ ನೋಟು, ಟ್ರಾವೆಲರ್ಸ್ ಚೆಕ್ ನಡೆಯುವುದಿಲ್ಲ. ಇಲ್ಲಿನ ಬ್ಯಾಂಕಿನಿಂದ ರೂಪಾಯಿಯಲ್ಲಿ ಗೃಹಸಾಲ ತಗೊಳ್ಳಬಹುದು.

ನಡೆಯುವುದೇ ಬೇರೆ. ಮಗ ಹಲವು ವರ್ಷದಿಂದ ಅಪ್ಪನ ಖಾತೆಗೆ "ಮನೆ ಖರ್ಚಿಗೆ" ಅಂತ ಕಳಿಸುತ್ತಿರುತ್ತಾನೆ. ಅದರಲ್ಲೇ ಸ್ವಲ್ಪ ಸ್ವಲ್ಪ ಉಳಿಸಿ, ಜೊತೆಗೆ ತಮ್ಮ ಪಿಂಚಣಿಯ ದುಡ್ಡು ಸೇರಿಸಿ, ಅಪ್ಪ ಮಾರುವವರಿಗೆ ಚೆಕ್ ಬರೆಯುತ್ತಾರೆ. ರಿಜಿಸ್ಟ್ರಿ ಮಗನ ಹೆಸರಿಗೆ. ಕಾನೂನಿನ ಕಣ್ಣಿಗೆ ಅಪ್ಪನ ಖಾತೆಗೆ ಬಂದ ದುಡ್ಡು ಅಪ್ಪನದು. ಮಗನ ದುಡ್ಡು ಮಾರುವವರಿಗೆ ಹೋದ ದಾಖಲೆ ಎಲ್ಲೂ ಇರುವುದಿಲ್ಲ. ಮುಂದೆ ಮಗ ಮನೆ ಮಾರಿ ದುಡ್ಡನ್ನು ಅಲ್ಲಿಗೆ ಒಯ್ಯಬೇಕು ಅಂದಾಗ ಬ್ಯಾಂಕಿನವರು ಮೊದಲು ಕೇಳುವ ಕಾಗದ ಅದೇ. ವಿದೇಶಿ ದುಡ್ಡಿನಲ್ಲಿ ಕೊಂಡದ್ದಕ್ಕೆ ದಾಖಲೆ ಇದ್ದರೆ, ಎರಡು ವಾಸದ ಮನೆಗಳ ಮಟ್ಟಿಗೆ, ಹಾಕಿದಷ್ಟು ದುಡ್ಡನ್ನು ವಾಪಸ್ ಒಯ್ಯಬಹುದು. ಎನ್‌ಆರ್‌ಒ ಖಾತೆಗೆ ಬಿದ್ದ ದುಡ್ಡನ್ನು ತೆರಿಗೆ ಕಟ್ಟಿ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಕಳಿಸುವ ದಾರಿ ಬೇರೆ ಇದೆ. ಎರಡಕ್ಕೂ ಮೂಲದ ಲೆಕ್ಕ ಕೇಳುತ್ತಾರೆ.

ಇನ್ನೊಂದು ಹಳೆಯ ಸೇವಿಂಗ್ಸ್ ಖಾತೆಯ ಕತೆ. ಕಾಲೇಜಿನಲ್ಲಿದ್ದಾಗ ಸೂಪರ್ ಮಾರ್ಕೆಟ್ ಹತ್ತಿರದ ಶಾಖೆಯಲ್ಲಿ ತೆರೆದ ಖಾತೆ ಈಗಲೂ ನಡೆಯುತ್ತಿರುತ್ತದೆ, ಎಟಿಎಂ ಕಾರ್ಡ್ ಅಮ್ಮನ ಹತ್ತಿರ. ಹೊರದೇಶಕ್ಕೆ ಹೋಗಿ ನೆಲೆಸಿದ ಮೇಲೆ ಆ ಖಾತೆಯನ್ನು ಎನ್‌ಆರ್‌ಒ ಮಾಡಿಸಬೇಕು. ಮಾಡಿಸದೆ ಅದರಿಂದಲೇ ಮನೆಯ ದುಡ್ಡು ಕೊಡಬೇಡಿ. ಶಾಖೆಗೆ ಪಾಸ್‌ಪೋರ್ಟ್, ವೀಸಾ ಅಥವಾ ಒಸಿಐ, ಅಲ್ಲಿನ ವಿಳಾಸದ ಪುರಾವೆ ಕೊಟ್ಟರೆ ಬದಲಾಯಿಸಿ ಕೊಡುತ್ತಾರೆ.

ಸರಿಯಾದ ದಾರಿ ಹೀಗೆ. ಎನ್‌ಆರ್‌ಇ ಖಾತೆ ತೆರೆಯಿರಿ. ಅಲ್ಲಿಂದ ನಿಮ್ಮದೇ ಹೆಸರಿನ ಈ ಖಾತೆಗೆ ದುಡ್ಡು ಕಳಿಸಿ. ಪ್ರತಿ ಸಲ ಬ್ಯಾಂಕಿನಿಂದ ವಿದೇಶಿ ಹಣ ಬಂದದ್ದಕ್ಕೆ ಪ್ರಮಾಣಪತ್ರ ಕೇಳಿ ತಗೊಳ್ಳಿ. ಕೇಳದಿದ್ದರೆ ಯಾರೂ ಕೊಡುವುದಿಲ್ಲ. ಬಯಾನದಿಂದ ಹಿಡಿದು ಕೊನೆಯ ಕಂತಿನವರೆಗೆ ಎಲ್ಲವೂ ಈ ಖಾತೆಯಿಂದಲೇ ಮಾರುವವರ ಖಾತೆಗೆ ಹೋಗಲಿ, ಒಂದೊಂದರ ಯುಟಿಆರ್ ನಂಬರ್ (ಬ್ಯಾಂಕ್ ವರ್ಗಾವಣೆಯ ಗುರುತಿನ ಸಂಖ್ಯೆ) ಕ್ರಯಪತ್ರದಲ್ಲಿ ಬರಲಿ. ಮಾರುವವರು "ಅರ್ಧ ನಗದು ಕೊಡ್ರಿ, ಸ್ಟ್ಯಾಂಪ್ ಉಳೀತದ" ಅಂದರೆ ಎದ್ದು ಬನ್ನಿ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಂಡವರಿಗೆ ಅಷ್ಟೇ ಮೊತ್ತದ ದಂಡ ಇದೆ. ನಿಮಗಂತೂ ಆ ನಗದಿಗೆ ಲೆಕ್ಕ ತೋರಿಸುವ ದಾರಿಯೇ ಇಲ್ಲ. ಗಲ್ಫ್‌ನಿಂದ ಬ್ಯಾಂಕ್ ತಪ್ಪಿಸಿ ಹುಂಡಿಯಲ್ಲಿ ಕಳಿಸಿದರೆ ರೇಟು ಚೆನ್ನಾಗಿ ಸಿಗುತ್ತದೆ ಅನ್ನುವವರ ಮಾತು ಕೇಳಿದರೆ ಮನೆಯೂ ಸಿಕ್ಕಿಬೀಳುತ್ತದೆ, ದುಡ್ಡು ತಂದುಕೊಟ್ಟವರೂ ಸಿಕ್ಕಿಬೀಳುತ್ತಾರೆ.

ಇಷ್ಟೆಲ್ಲ ಯಾಕೆ, ಕಾಕಾನ ಮಗನ ಹೆಸರಿನಲ್ಲಿ ತಗೊಂಡರಾಯಿತು ಅನ್ನುವ ಅಡ್ಡದಾರಿಯೂ ಬೇಡ. ನಿಮ್ಮ ದುಡ್ಡಿನಲ್ಲಿ ಅವನ ಹೆಸರಿಗೆ ಕೊಂಡರೆ ಅದು ಬೇನಾಮಿ. ಆಸ್ತಿ ಜಪ್ತಿಯಾಗುತ್ತದೆ, ಒಂದರಿಂದ ಏಳು ವರ್ಷ ಜೈಲು ಇದೆ. ಮನಸ್ತಾಪ ಬಂದ ದಿನ ಅವನು "ಇದು ನಂದೇ" ಅಂದರೆ ನೀವು ಬಾಯಿ ತೆರೆಯುವ ಹಾಗೂ ಇಲ್ಲ.

ಐದನೆಯದು: ಅಧಿಕಾರ ಪತ್ರ

ರಿಜಿಸ್ಟ್ರಿಗೆ ನೀವೇ ಬರುವುದು ಒಳ್ಳೆಯದು. ಬರಲಾಗದಿದ್ದರೆ ಅಪ್ಪನಿಗೋ ಅಕ್ಕನಿಗೋ ಅಧಿಕಾರ ಪತ್ರ ಕೊಡಿ. ಇಂಟರ್ನೆಟ್‌ನಲ್ಲಿ ಸಿಗುವ ಸಿದ್ಧ ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮಾದರಿ ಬಳಸಬೇಡಿ. ಅದರಲ್ಲಿ "ಮಾರುವ, ಒತ್ತೆ ಇಡುವ, ದಾನ ಕೊಡುವ, ಸಾಲ ಎತ್ತುವ" ಅಂತ ಒಂದೇ ಉಸಿರಿನಲ್ಲಿ ಎಲ್ಲ ಬರೆದಿರುತ್ತದೆ. ನಿಮಗೆ ಬೇಕಾಗಿರುವುದು ವಿಶೇಷ ಅಧಿಕಾರ ಪತ್ರ: ಇಂಥ ಪ್ಲಾಟ್, ಇಂಥ ಚಕ್ಕುಬಂದಿ, ಇಷ್ಟು ಬೆಲೆ, ಖರೀದಿ ಮತ್ತು ಖಾತೆ ಬದಲಾವಣೆ ಮಾತ್ರ. ಅಲ್ಲಿನ ಭಾರತದ ಕಾನ್ಸುಲೇಟ್‌ನಲ್ಲಿ ಅಥವಾ ನೋಟರಿ ಮುಂದೆ ಸಹಿ ಮಾಡಿ. ನಾನಂತೂ ಕಾನ್ಸುಲೇಟೇ ಮೇಲು ಅನ್ನುತ್ತೇನೆ, ಇಲ್ಲಿನ ಕಚೇರಿಯಲ್ಲಿ ಪ್ರಶ್ನೆ ಕಡಿಮೆ. ಪತ್ರ ರಾಜ್ಯಕ್ಕೆ ಬಂದ ಮೂರು ತಿಂಗಳ ಒಳಗೆ ಸ್ಟ್ಯಾಂಪ್ ಡ್ಯೂಟಿ ಕಟ್ಟಿಸಬೇಕು. ಕೊರಿಯರ್ ಕವರ್ ಬಿಸಾಡಬೇಡಿ, ಬಂದ ತಾರೀಖಿಗೆ ಅದೇ ಸಾಕ್ಷಿ.

ಮಾರುವವರು ಜಿಪಿಎ ಮೇಲೇ ಮನೆ ಕೊಡುತ್ತೇವೆ ಅಂದರೆ ಒಪ್ಪಬೇಡಿ. ಜಿಪಿಎಯಿಂದ ಮಾಲೀಕತ್ವ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಆರನೆಯದು: ರಿಜಿಸ್ಟ್ರಿ

ಸ್ಟ್ಯಾಂಪ್ ಡ್ಯೂಟಿ ಸಾಮಾನ್ಯವಾಗಿ 5 ಪರ್ಸೆಂಟ್, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 2 ಪರ್ಸೆಂಟ್ ಆಗಿದೆ. ಕಾವೇರಿಯಲ್ಲಿ ಸ್ಲಾಟ್ ತಗೊಂಡು ಹೋಗಿ ಸಹಿ ಮಾಡುವುದಷ್ಟೇ.

ತೆರಿಗೆ ಕಡಿತ ಮರೆಯಬೇಡಿ. ಮಾರುವವರು ಇಲ್ಲೇ ಇರುವವರಾಗಿ ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, 1 ಪರ್ಸೆಂಟ್ ಹಿಡಿದು ನೀವೇ ಕಟ್ಟಬೇಕು. ಮಾರುವವರೂ ಎನ್‌ಆರ್‌ಐ ಆಗಿದ್ದರೆ ಲೆಕ್ಕವೇ ಬೇರೆ. 50 ಲಕ್ಷದ ಮಿತಿ ಇಲ್ಲ, ದರವೂ ಜಾಸ್ತಿ, ಕಡಿಮೆ ಹಿಡಿಯಲು ಅವರು ಆದಾಯ ತೆರಿಗೆ ಇಲಾಖೆಯಿಂದ ಪ್ರಮಾಣಪತ್ರ ತರಬೇಕು. ಬಯಾನ ಕೊಡುವ ಮುಂಚೆಯೇ ಮಾರುವವರು ಎಲ್ಲಿ ವಾಸ ಅಂತ ಕೇಳಿ ಬರೆಸಿಕೊಳ್ಳಿ.

ಆಮೇಲೆ

ಖಾತೆ ನಿಮ್ಮ ಹೆಸರಿಗೆ ಆಗುವವರೆಗೆ ಬೆನ್ನು ಬಿಡಬೇಡಿ. ಪಾಲಿಕೆಯ ಆಸ್ತಿ ತೆರಿಗೆ ರಸೀದಿ ಪ್ರತಿ ವರ್ಷ ಫೈಲಿಗೆ ಸೇರಿಸಿ. ಕ್ರಯಪತ್ರ, ಎನ್‌ಎ ಆದೇಶ, ಬ್ಯಾಂಕಿನ ಪ್ರಮಾಣಪತ್ರ ಮೂರನ್ನೂ ಒಂದೇ ಫೈಲಿನಲ್ಲಿ ಇಡಿ, ಒಂದು ಪ್ರತಿ ನಿಮ್ಮ ಹತ್ತಿರ, ಒಂದು ಊರಲ್ಲಿ.

ಬಾಡಿಗೆಗೆ ಕೊಡುವುದಾದರೆ ಬಾಡಿಗೆ ಎನ್‌ಆರ್‌ಒ ಖಾತೆಗೆ ಬರಲಿ. ಬಾಡಿಗೆ ಎಷ್ಟೇ ಚಿಕ್ಕದಿದ್ದರೂ ಬಾಡಿಗೆದಾರರು ಅದರಲ್ಲಿ 30 ಪರ್ಸೆಂಟ್ ಮತ್ತು ಸೆಸ್ ಹಿಡಿದು ತೆರಿಗೆ ಇಲಾಖೆಗೆ ಕಟ್ಟಬೇಕು. ರಿಟರ್ನ್ ಹಾಕಿದರೆ ಹೆಚ್ಚಾದದ್ದು ನಿಮಗೆ ವಾಪಸ್ ಬರುತ್ತದೆ. ಇದನ್ನು ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲೇ ಅವರಿಗೆ ಬಿಡಿಸಿ ಹೇಳಿ, ಕರಾರಿನಲ್ಲೂ ಬರೆಸಿ.